ಮುಖಕ್ಕೆ ಇಂಜೆಕ್ಷನ್: ಸೂಜಿ ಚುಚ್ಚಿದವರು ರಾತ್ರಿ ಫೋನ್ ಎತ್ತುತ್ತಾರಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)

ಈ ವಾರದ ವಿಷಯ ಸಿಕ್ಕಿದ್ದು ಶಿವಮೊಗ್ಗದ ನವುಲೆಯಿಂದ ಬಂದ ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವರು ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳೋದಿಲ್ಲ. ಅವರ ಮಾತನ್ನ ಮಾತ್ರ ಓದ್ತೀನಿ.

"ಮೇಡಂ, ನನ್ನ ತಂಗಿ ಮದುವೆಗೆ ಇನ್ನು ಮೂರು ವಾರ ಇದೆ. ಅವಳು ಹೋಗೋ ಪಾರ್ಲರ್‌ಗೆ ಭಾನುವಾರ ಬೆಂಗಳೂರಿಂದ ಒಬ್ಬರು ಡಾಕ್ಟರ್ ಬರ್ತಾರಂತೆ. ಹಣೆಗೆ ಬೊಟಾಕ್ಸ್, ತುಟಿಗೆ ಫಿಲ್ಲರ್, ಎರಡೂ ಸೇರಿ ಮದುವೆ ಪ್ಯಾಕೇಜ್ ಅಂತೆ. ಅಡ್ವಾನ್ಸ್ ಬೇರೆ ಕೊಟ್ಟುಬಿಟ್ಟಿದ್ದಾಳೆ. ಅಮ್ಮ ಬೇಡ ಅಂತ ಅಳ್ತಾ ಕೂತಿದ್ದಾರೆ. ನಾನು ಬಾಯಿ ಬಿಟ್ರೆ 'ಅಕ್ಕ, ನಿಂಗೇನ್ ಗೊತ್ತು' ಅಂತಾಳೆ. ಏನು ನೋಡಿ ಒಪ್ಪಬೇಕು, ಏನು ನೋಡಿ ಬೇಡ ಅನ್ನಬೇಕು, ಅಷ್ಟು ಹೇಳಿ."

ಒಳ್ಳೆ ಪ್ರಶ್ನೆ. ಮುಖಕ್ಕೆ ಇಂಜೆಕ್ಷನ್ ಹಾಕಿಸ್ಕೊಳ್ಳೋದು ಸರಿಯೋ ತಪ್ಪೋ ಅನ್ನೋ ಪಂಚಾಯಿತಿಗೆ ನಾವು ಹೋಗೋದಿಲ್ಲ. ಅದು ಅವರವರ ಮುಖ, ಅವರವರ ಇಷ್ಟ. ಆದ್ರೆ ಯಾರ ಕೈಲಿ, ಯಾವ ಜಾಗದಲ್ಲಿ, ಯಾವ ಬಾಟಲಿಯಿಂದ ಅನ್ನೋದನ್ನ ನೋಡಲೇಬೇಕು. ಒಂದೊಂದಾಗಿ ನೋಡೋಣ.

ಸೂಜಿಯಲ್ಲಿ ಇರೋದೇನು?

ಬೊಟಾಕ್ಸ್, ಫಿಲ್ಲರ್ ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತೀವಿ. ಆದ್ರೆ ಎರಡೂ ಬೇರೆ ಬೇರೆ ವಸ್ತು. ಅವುಗಳ ಅಪಾಯವೂ ಬೇರೆ.

ಬೊಟಾಕ್ಸ್ ಅನ್ನೋದು ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಒಳಗಿರೋ ಔಷಧ ಬೊಟುಲಿನಂ ಟಾಕ್ಸಿನ್. ಒಂದು ಜಾತಿಯ ಬ್ಯಾಕ್ಟೀರಿಯಾ ತಯಾರಿಸೋ ವಿಷ ಇದು. ಅತಿ ಸಣ್ಣ ಪ್ರಮಾಣದಲ್ಲಿ ಸ್ನಾಯುವಿಗೆ ಹಾಕಿದ್ರೆ, ನರದಿಂದ ಸ್ನಾಯುವಿಗೆ ಹೋಗೋ ಸಂದೇಶ ಕೆಲವು ತಿಂಗಳ ಕಾಲ ನಿಲ್ಲುತ್ತೆ. ಸ್ನಾಯು ಸಡಿಲ ಆಗುತ್ತೆ, ಮೇಲಿನ ಸುಕ್ಕು ಕಡಿಮೆ ಕಾಣುತ್ತೆ. ಮೊದಲು ಇದು ಬಂದಿದ್ದು ಸೌಂದರ್ಯಕ್ಕಲ್ಲ, ಕಣ್ಣಿನ ಚಿಕಿತ್ಸೆಗೆ. ಮೆಳ್ಳೆಗಣ್ಣು ಮತ್ತು ರೆಪ್ಪೆ ಸೆಳೆತಕ್ಕೆ ಅಮೆರಿಕದ ಎಫ್‌ಡಿಎ ಇದನ್ನ ಒಪ್ಪಿದ್ದು 1989ರಲ್ಲಿ. ಹುಬ್ಬುಗಳ ನಡುವಿನ ಗೆರೆಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಪರಿಣಾಮ ಶುರುವಾಗೋಕೆ ಮೂರ್ನಾಲ್ಕು ದಿನ ಬೇಕು, ಪೂರ್ತಿ ಕಾಣೋಕೆ ಎರಡು ವಾರದವರೆಗೂ ಆಗಬಹುದು. ಮೂರ್ನಾಲ್ಕು ತಿಂಗಳು ಇರುತ್ತೆ.

ಫಿಲ್ಲರ್ ಅಂದ್ರೆ ತುಂಬೋ ಜೆಲ್. ಹೆಚ್ಚಾಗಿ ಬಳಸೋದು ಹಯಲುರಾನಿಕ್ ಆಸಿಡ್. ನಮ್ಮ ಚರ್ಮದಲ್ಲೇ ಸಹಜವಾಗಿ ಇರೋ ವಸ್ತು ಅದು. ತುಟಿ, ಕೆನ್ನೆ, ಗಲ್ಲ, ಕಣ್ಣಿನ ಕೆಳಗಿನ ಗುಳಿ ತುಂಬಿಸೋಕೆ ಹಾಕ್ತಾರೆ. ಇದು ಸ್ನಾಯುವನ್ನ ಸಡಿಲ ಮಾಡೋದಿಲ್ಲ, ಜಾಗ ತುಂಬುತ್ತೆ.

ಇವೆರಡರ ಜೊತೆಗೆ ಈಗ ಮದುವೆ ಸೀಸನ್‌ನಲ್ಲಿ ಮೂರನೆಯದೂ ಸೇರ್ಕೊಂಡಿದೆ: ಬೆಳ್ಳಗಾಗೋ ಗ್ಲುಟಾಥಯೋನ್ ಡ್ರಿಪ್. ಚರ್ಮ ಬೆಳ್ಳಗಾಗಿಸೋಕೆ ಅಂತ ಯಾವ ಇಂಜೆಕ್ಷನ್‌ಗೂ ಎಫ್‌ಡಿಎ ಅನುಮತಿ ಕೊಟ್ಟಿಲ್ಲ. ಅಂಥ ಇಂಜೆಕ್ಷನ್ ಬೇಡ ಅಂತ ಎಚ್ಚರಿಕೆ ಕೊಟ್ಟಿದೆ. ಪ್ಯಾಕೇಜ್‌ನಲ್ಲಿ ಇದನ್ನ "ಫ್ರೀ" ಅಂತ ಸೇರಿಸಿದ್ದಾರೆ ಅಂದ್ರೆ, ಆ ಜಾಗದ ಬಗ್ಗೆ ಅಷ್ಟರಲ್ಲೇ ಗೊತ್ತಾಗುತ್ತೆ.

ಕೆಟ್ಟರೆ ಏನಾಗುತ್ತೆ?

ಬಹಳ ಜನಕ್ಕೆ ಆಗೋದು ಸ್ವಲ್ಪ ಊತ, ಸ್ವಲ್ಪ ನೋವು, ಸೂಜಿ ಚುಚ್ಚಿದಲ್ಲಿ ನೀಲಿ ಕಲೆ. ಕೆಲವು ದಿನದಲ್ಲಿ ಹೋಗುತ್ತೆ.

ಬೊಟಾಕ್ಸ್ ತಪ್ಪು ಜಾಗಕ್ಕೆ ಹೋದ್ರೆ ಕಣ್ಣಿನ ರೆಪ್ಪೆ ಜೋಲು ಬೀಳಬಹುದು, ನಕ್ಕಾಗ ಬಾಯಿ ಒಂದು ಕಡೆಗೆ ವಾಲಬಹುದು. ಮದುವೆ ಮನೆಯಲ್ಲಿ ಅದೇ ದೊಡ್ಡ ಸಂಕಟ. ಆದ್ರೆ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಸರಿ ಹೋಗುತ್ತೆ. ಪ್ರಮಾಣ ಮೀರಿದ್ರೆ ಅಥವಾ ನಕಲಿ ಔಷಧ ಆದ್ರೆ ಮಾತು ಬೇರೆ. ಆಗ ವಿಷ ದೇಹಕ್ಕೆ ಹರಡಿ ನುಂಗೋಕೆ, ಉಸಿರಾಡೋಕೆ ಕಷ್ಟ ಆಗಬಹುದು.

ಫಿಲ್ಲರ್‌ನ ನಿಜವಾದ ಅಪಾಯ ರಕ್ತನಾಳ. ಜೆಲ್ ಅಕಸ್ಮಾತ್ ರಕ್ತನಾಳದ ಒಳಗೆ ಹೋದ್ರೆ ಅಥವಾ ಹೊರಗಿಂದ ಅದನ್ನ ಒತ್ತಿದ್ರೆ, ಮುಂದಿನ ಚರ್ಮಕ್ಕೆ ರಕ್ತ ನಿಲ್ಲುತ್ತೆ. ಆ ಭಾಗ ಮೊದಲು ಬಿಳಿಚಿಕೊಳ್ಳುತ್ತೆ, ಆಮೇಲೆ ಬಲೆ ಬಲೆಯಾಗಿ ನೇರಳೆ ಬಣ್ಣಕ್ಕೆ ತಿರುಗುತ್ತೆ. ಬಿಟ್ರೆ ಚರ್ಮ ಸಾಯುತ್ತೆ. ಮೂಗು ಮತ್ತು ಹುಬ್ಬಿನ ನಡುವಿನ ನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಪರ್ಕ ಇದೆ. ಜೆಲ್ ಹಿಮ್ಮುಖವಾಗಿ ಹೋಗಿ ಕಣ್ಣಿನ ನಾಳ ಮುಚ್ಚಿದ್ರೆ ದೃಷ್ಟಿ ಹೋಗಬಹುದು. ಇದು ಅಪರೂಪ. ಆದ್ರೆ ಆದಾಗ ವೈದ್ಯರ ಕೈಲಿ ಇರೋ ಸಮಯ ಒಂದು, ಒಂದೂವರೆ ಗಂಟೆ ಅಷ್ಟೇ.

ಹಯಲುರಾನಿಕ್ ಫಿಲ್ಲರ್‌ಗೆ ಒಂದು ಮದ್ದು ಇದೆ. ಹಯಲುರೊನಿಡೇಸ್ ಅಂತ, ಜೆಲ್ ಕರಗಿಸೋ ಇಂಜೆಕ್ಷನ್. ಬೇಗ ಕೊಟ್ರೆ ಚರ್ಮ ಉಳಿಯೋ ಸಾಧ್ಯತೆ ಹೆಚ್ಚು. ಅದು ಕ್ಲಿನಿಕ್‌ನ ಫ್ರಿಜ್‌ನಲ್ಲಿ ಇರಬೇಕು. ಎಷ್ಟು, ಎಲ್ಲಿ ಹಾಕಬೇಕು ಅಂತ ಗೊತ್ತಿರೋರು ಪಕ್ಕದಲ್ಲಿರಬೇಕು. ಸಿಲಿಕಾನ್‌ನಂಥ ಕಾಯಂ ಫಿಲ್ಲರ್ ಆದ್ರೆ ಈ ಮದ್ದು ಕೆಲಸ ಮಾಡೋದಿಲ್ಲ.

ಈಗ ನವುಲೆಯ ಅಕ್ಕನ ಪ್ರಶ್ನೆಗೆ ಬನ್ನಿ. ಭಾನುವಾರ ಬರೋ ಡಾಕ್ಟರ್ ಸಂಜೆ ಬಸ್ಸೋ ರೈಲೋ ಹತ್ತಿ ಬೆಂಗಳೂರಿಗೆ ವಾಪಸ್. ಸುಮಾರು ಮುನ್ನೂರು ಕಿಲೋಮೀಟರ್ ದೂರ. ರಾತ್ರಿ ಒಂಬತ್ತಕ್ಕೆ ತುಟಿಯ ಮೇಲೆ ನೇರಳೆ ಬಲೆ ಕಂಡ್ರೆ ನೋಡೋರು ಯಾರು? ಪಾರ್ಲರ್ ಬಾಗಿಲು ಹಾಕಿರುತ್ತೆ. ಹಾಗಾಗಿ ಕೈಚಳಕದ ಬಗ್ಗೆ ಕೇಳೋಕೆ ಮೊದಲು ಇದನ್ನ ಕೇಳಿ: ಸೂಜಿ ಹಾಕಿದವರು ಇವತ್ತು ರಾತ್ರಿ, ನಾಳೆ ಬೆಳಿಗ್ಗೆ ಇದೇ ಊರಲ್ಲಿ ಇರ್ತಾರಾ? ಇಲ್ಲ ಅಂದ್ರೆ ಅವರ ಪರವಾಗಿ ಇಲ್ಲಿ ನೋಡೋ ವೈದ್ಯರು ಯಾರು? ಈ ಎರಡಕ್ಕೂ ಹೆಸರು, ಫೋನ್ ನಂಬರ್ ಸಮೇತ ಉತ್ತರ ಸಿಗದಿದ್ರೆ ಉಳಿದ ಪ್ರಶ್ನೆ ಕೇಳೋ ಅಗತ್ಯವೇ ಇಲ್ಲ.

ಡಿಗ್ರಿ ಓದೋದು ಹೇಗೆ?

ಬೋರ್ಡ್ ಮೇಲೆ "ಕಾಸ್ಮೆಟಾಲಜಿಸ್ಟ್", "ಈಸ್ಥೆಟಿಕ್ ಎಕ್ಸ್‌ಪರ್ಟ್", "ಸ್ಕಿನ್ ಸ್ಪೆಷಲಿಸ್ಟ್" ಅಂತ ಇದ್ರೆ ಅದು ಡಿಗ್ರಿ ಅಲ್ಲ, ಬಿರುದು. ಯಾರು ಬೇಕಾದ್ರೂ ಹಾಕ್ಕೋಬಹುದು. ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಇರುತ್ತೆ. ಹತ್ತಿರ ಹೋಗಿ ಓದಿ. ಎರಡು ದಿನದ ವರ್ಕ್‌ಶಾಪ್‌ನದ್ದೂ ಅಷ್ಟೇ ಚೆಂದದ ಚಿನ್ನದ ಅಂಚಿನ ಫ್ರೇಮ್‌ನಲ್ಲಿ ಇರುತ್ತೆ.

ನೋಡಬೇಕಾದ್ದು ಎರಡು ದಾರಿ. ಎಂಬಿಬಿಎಸ್ ಆದ ಮೇಲೆ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರು. ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರು. ಎಂಡಿ ಮುಂದೆ ಕಂಸದಲ್ಲಿ ಡಿವಿಎಲ್ ಅಂತ ಇದ್ರೆ ಅದು ಚರ್ಮರೋಗ, ಲೈಂಗಿಕ ರೋಗ, ಕುಷ್ಠರೋಗ ವಿಭಾಗದ್ದು. ಬರೀ ಎಂಡಿ ಅಂತ ಇದ್ರೆ ಯಾವ ವಿಷಯದಲ್ಲಿ ಅಂತ ಕೇಳಿ.

ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಸೌಂದರ್ಯ ಚಿಕಿತ್ಸೆ ಮತ್ತು ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ವರ್ಕ್‌ಶಾಪ್‌ನಲ್ಲಿ ಕೂತು ನೋಡೋದು, ಯೂಟ್ಯೂಬ್ ನೋಡಿ ಕಲಿಯೋದು ತರಬೇತಿ ಆಗೋದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಆಯೋಗವೇ ಇದನ್ನ ಬರೆದು ಹೇಳಬೇಕಾಯ್ತು ಅಂದ್ರೆ ಪರಿಸ್ಥಿತಿ ಹೇಗಿದೆ ಅಂತ ಊಹಿಸಿ.

ದಂತ ವೈದ್ಯರು ಮಾಡಬಹುದಾ ಅಂತ ಬಹಳ ಜನ ಕೇಳ್ತಾರೆ. ಬಾಯಿ, ದವಡೆ, ಮುಖದ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿದವರು ಮುಖದ ಅಂಗರಚನೆಯನ್ನ ಆಳವಾಗಿ ಓದಿರ್ತಾರೆ. ಅವರ ಹಕ್ಕಿನ ಬಗ್ಗೆ ಚರ್ಮ ವೈದ್ಯರ ಸಂಘಟನೆಗಳಿಗೂ ದಂತ ವೈದ್ಯರಿಗೂ ದೇಶದಲ್ಲಿ ಜಗಳ ನಡೀತಾ ಇದೆ. ನಿಮ್ಮ ಮಟ್ಟಿಗೆ ಒಂದು ಮಾತು: ಹಲ್ಲು ಕ್ಲೀನ್ ಮಾಡಿಸೋಕೆ ಹೋದಲ್ಲಿ "ಆಫರ್ ಇದೆ, ಬೊಟಾಕ್ಸ್ ಹಾಕಿಸ್ಕೊಳ್ಳಿ" ಅಂದ್ರೆ ಎದ್ದು ಬನ್ನಿ. ಬಿಎಎಂಎಸ್, ಬಿಎಚ್‌ಎಂಎಸ್ ಓದಿದವರು ಅವರವರ ಪದ್ಧತಿಯ ವೈದ್ಯರು. ಬೊಟುಲಿನಂ ಆ ಪದ್ಧತಿಗಳ ಔಷಧ ಅಲ್ಲ. ಬ್ಯೂಟಿಷಿಯನ್ ಅಂತೂ ಸೂಜಿ ಹಿಡಿಯುವಂತೆಯೇ ಇಲ್ಲ.

ಹೆಸರು ಕೇಳಿ ನಂಬಬೇಡಿ, ನೋಂದಣಿ ಸಂಖ್ಯೆ ಕೇಳಿ. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನ ಕ್ಲಿನಿಕ್‌ನಲ್ಲಿ ಹಾಕಬೇಕು, ಚೀಟಿ ಮತ್ತು ರಸೀದಿಯಲ್ಲೂ ಬರೀಬೇಕು ಅನ್ನೋದು 2002ರ ವೈದ್ಯಕೀಯ ನೀತಿ ಸಂಹಿತೆಯಲ್ಲೇ ಇದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ವೆಬ್‌ಸೈಟ್‌ನಲ್ಲಿ ಆ ಸಂಖ್ಯೆ ಹಾಕಿ ಹುಡುಕಬಹುದು. ಮೊಬೈಲ್‌ನಲ್ಲಿ ಐದು ನಿಮಿಷದ ಕೆಲಸ. ಸಂಖ್ಯೆ ಕೇಳಿದ್ದಕ್ಕೆ ಸಿಟ್ಟಾದ್ರೆ ಅದೂ ಒಂದು ಉತ್ತರವೇ.

ಜಾಗಕ್ಕೆ ಪರವಾನಗಿ ಇದೆಯಾ?

ಡಾಕ್ಟರ್ ಸರಿ ಇದ್ರೆ ಸಾಲದು, ಜಾಗವೂ ಸರಿ ಇರಬೇಕು. ನಮ್ಮ ರಾಜ್ಯದಲ್ಲಿ ಕೆಪಿಎಂಇ ಅಂತ 2007ರ ಕಾಯ್ದೆ ಇದೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಸಣ್ಣ ಕ್ಲಿನಿಕ್‌ನಿಂದ ದೊಡ್ಡ ಆಸ್ಪತ್ರೆವರೆಗೆ ಎಲ್ಲರೂ ನೋಂದಣಿ ಮಾಡಿಸಬೇಕು. ಜಿಲ್ಲಾ ಮಟ್ಟದ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಜಿಲ್ಲಾ ಆರೋಗ್ಯಾಧಿಕಾರಿ, ಅಂದ್ರೆ ನಾವು ಡಿಎಚ್‌ಒ ಅಂತೀವಲ್ಲ, ಅವರು ಅದರ ಕಾರ್ಯದರ್ಶಿ. 2024ರಲ್ಲಿ ಆರೋಗ್ಯ ಇಲಾಖೆ ಇನ್ನೊಂದು ಸೂಚನೆ ಕೊಟ್ಟಿತು: ಬೋರ್ಡ್ ಮೇಲೆ ಕೆಪಿಎಂಇ ಸಂಖ್ಯೆ, ಸಂಸ್ಥೆಯ ಹೆಸರು, ಮಾಲೀಕರ ಹೆಸರು ಕಾಣಬೇಕು, ಅಲೋಪತಿಗೆ ತಿಳಿ ನೀಲಿ ಬೋರ್ಡ್, ಆಯುರ್ವೇದಕ್ಕೆ ಹಸಿರು ಬೋರ್ಡ್.

ಪಾರ್ಲರ್‌ಗೆ ಇರೋದು ವ್ಯಾಪಾರದ ಪರವಾನಗಿ. ಪಾಲಿಕೆ ಕೊಡೋ ಆ ಕಾಗದ ಹಿಡ್ಕೊಂಡು ವೈದ್ಯಕೀಯ ಇಂಜೆಕ್ಷನ್ ಹಾಕೋಕಾಗೋದಿಲ್ಲ. ಕೆಪಿಎಂಇ ಇದ್ರೂ ಯಾವ ವರ್ಗದ್ದು ಅಂತ ನೋಡಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಿದ್ದು ನೆನಪಿರಬಹುದು. ಆಗಿನ್ನೂ 21 ವರ್ಷ. ಅದು ಶಸ್ತ್ರಚಿಕಿತ್ಸೆ, ಇಂಜೆಕ್ಷನ್ ಅಲ್ಲ, ನಿಜ. ಆದ್ರೆ ಆ ಕ್ಲಿನಿಕ್‌ಗೆ ಯಾವುದಕ್ಕೆ ಅನುಮತಿ ಇತ್ತು, ಯಾವುದಕ್ಕೆ ಇರಲಿಲ್ಲ ಅನ್ನೋ ಪ್ರಶ್ನೆ ಎದ್ದಿದ್ದು ಸಾವಿನ ನಂತರ. ಆ ಪ್ರಶ್ನೆಯನ್ನ ನಾವು ಮೊದಲೇ ಕೇಳಬೇಕು.

ಬಾಟಲಿ ನಿಮ್ಮ ಎದುರೇ ತೆರೀಲಿ

ಬೊಟುಲಿನಂ ಬರೋದು ಪುಡಿ ರೂಪದಲ್ಲಿ, ಪುಟ್ಟ ಗಾಜಿನ ಬಾಟಲಿಯಲ್ಲಿ. 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಸಲೈನ್ ಬೆರೆಸಿದ ಮೇಲೆ ಸಾಮಾನ್ಯವಾಗಿ 24 ಗಂಟೆ ಒಳಗೆ ಬಳಸಬೇಕು ಅಂತ ಲೇಬಲ್ ಹೇಳುತ್ತೆ. ಥರ್ಮಾಕೋಲ್ ಡಬ್ಬದಲ್ಲಿ ಬೆರೆಸಿದ ಸಿರಿಂಜ್ ಇಟ್ಕೊಂಡು ಊರೂರು ಸುತ್ತೋರ ಹತ್ತಿರ ಇದು ಸಾಧ್ಯವಾ? ಫಿಲ್ಲರ್ ಬರೋದು ಸೀಲ್ ಮಾಡಿದ ಸಿರಿಂಜ್‌ನಲ್ಲಿ. ಒಬ್ಬರಿಗೆ ಬಳಸಿ ಉಳಿದದ್ದನ್ನ ಇನ್ನೊಬ್ಬರಿಗೆ ಹಾಕುವಂತಿಲ್ಲ.

ಕೇಳೋದು ಇಷ್ಟೇ: "ಬಾಕ್ಸ್ ತೋರಿಸಿ, ಎಕ್ಸ್‌ಪೈರಿ ತೋರಿಸಿ, ನನ್ನ ಎದುರು ಸೀಲ್ ಒಡೆಯಿರಿ." ಬ್ರ್ಯಾಂಡ್ ಹೆಸರು, ಬ್ಯಾಚ್ ಸಂಖ್ಯೆ, ಆಮದು ಮಾಡಿದವರ ವಿವರ ಬಾಕ್ಸ್ ಮೇಲೆ ಇರುತ್ತೆ. ಒಂದು ಫೋಟೊ ತೆಗೆದಿಟ್ಕೊಳ್ಳಿ. ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್ ಇದ್ರೆ ನಿಮ್ಮ ಚೀಟಿಗೆ ಅಂಟಿಸಿ ಕೊಡೋಕೆ ಹೇಳಿ.

ನಕಲಿ ಅನ್ನೋದು ಬರೀ ಭಯ ಹುಟ್ಟಿಸೋ ಮಾತಲ್ಲ. 2024ರಲ್ಲಿ ಅಮೆರಿಕದಲ್ಲಿ ನಕಲಿ ಅಥವಾ ಸರಿಯಾಗಿ ಬಳಸದ ಬೊಟುಲಿನಂನಿಂದ 11 ರಾಜ್ಯಗಳ 22 ಮಹಿಳೆಯರು ಅಸ್ವಸ್ಥರಾದ್ರು, ಅರ್ಧದಷ್ಟು ಜನ ಆಸ್ಪತ್ರೆ ಸೇರಿದ್ರು. ಹೆಚ್ಚಿನವರು ಹಾಕಿಸ್ಕೊಂಡಿದ್ದು ಪರವಾನಗಿ ಅಥವಾ ತರಬೇತಿ ಇಲ್ಲದವರ ಕೈಲಿ, ಇಲ್ಲವೇ ಮನೆ, ಸ್ಪಾ ಥರದ ಜಾಗದಲ್ಲಿ. ಸೂಜಿ ಇಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸೋ "ಹಯಲುರಾನ್ ಪೆನ್" ಬಗ್ಗೆಯೂ ಎಫ್‌ಡಿಎ 2021ರಲ್ಲಿ ಎಚ್ಚರಿಸಿದೆ. ಅದನ್ನ ಯಾರೂ ಮುಖಕ್ಕೆ ಬಳಸಬೇಡಿ.

ಒಳ್ಳೆ ವೈದ್ಯರು ಏನು ಕೇಳ್ತಾರೆ?

ನೀವು ಪ್ರಶ್ನೆ ಕೇಳೋಕೆ ಮೊದಲು ಅವರೇ ನಿಮ್ಮನ್ನ ಕೇಳ್ತಾರೆ. ಗರ್ಭಿಣಿಯಾ, ಮಗುವಿಗೆ ಹಾಲು ಕೊಡ್ತಿದ್ದೀರಾ, ನರ-ಸ್ನಾಯುವಿನ ಕಾಯಿಲೆ ಇದೆಯಾ, ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ, ಅಲರ್ಜಿ ಇದೆಯಾ, ಬಾಯಿ ಸುತ್ತ ಹುಣ್ಣು ಬಂದಿತ್ತಾ, ಮೊದಲು ಏನಾದ್ರೂ ಹಾಕಿಸಿದ್ದೀರಾ. ಅಪಾಯಗಳನ್ನ ಹೇಳಿ, ನಿಮಗೆ ಅರ್ಥವಾಗೋ ಭಾಷೆಯಲ್ಲಿ ಒಪ್ಪಿಗೆ ಪತ್ರ ಕೊಡ್ತಾರೆ. ಮೊದಲು, ನಂತರ ಫೋಟೊ ತೆಗೀತಾರೆ. ಎರಡು ವಾರಕ್ಕೆ ಮತ್ತೆ ಬನ್ನಿ ಅಂತಾರೆ. ಮತ್ತು ಕೆಲವು ಸಲ "ನಿಮಗೆ ಇದು ಬೇಡ" ಅಂತಾನೂ ಹೇಳ್ತಾರೆ. ಹಾಗೆ ಹೇಳೋ ವೈದ್ಯರನ್ನ ಬಿಡಬೇಡಿ ಮಾರಾಯ್ರೆ.

ಬೆಲೆ ವಿಚಾರ. ಬೊಟಾಕ್ಸ್‌ಗೆ ಯೂನಿಟ್ ಲೆಕ್ಕ, ಫಿಲ್ಲರ್‌ಗೆ ಎಂಎಲ್ ಲೆಕ್ಕ. ಎಷ್ಟು ಯೂನಿಟ್, ಎಷ್ಟು ಎಂಎಲ್ ಅಂತ ಬಿಲ್‌ನಲ್ಲಿ ಬರೆಸಿ. "ಹಣೆಗೆ ಇಷ್ಟು" ಅಂತ ಒಟ್ಟಿಗೆ ಹೇಳಿದ್ರೆ ಸಲೈನ್ ಎಷ್ಟು ಬೆರೆಸಿದ್ರು ಅಂತ ನಿಮಗೆ ಗೊತ್ತಾಗೋದಿಲ್ಲ. "ಇವತ್ತೇ ಬುಕ್ ಮಾಡಿದ್ರೆ ಅರ್ಧ ಬೆಲೆ" ಅನ್ನೋದು ಸೀರೆ ಅಂಗಡಿಗೆ ಸರಿ, ಇಲ್ಲಿಗಲ್ಲ.

ಎಡವಟ್ಟಾದರೆ ಏನು ಮಾಡೋದು?

ಫಿಲ್ಲರ್ ಹಾಕಿಸಿದ ಮೇಲೆ ವಿಪರೀತ ನೋವು, ಚರ್ಮ ಬಿಳಿಚಿಕೊಳ್ಳೋದು, ನೇರಳೆ ಬಲೆ, ಕಣ್ಣು ಮಂಜು, ಕಣ್ಣು ನೋವು ಕಂಡ್ರೆ ಬೆಳಗಾಗಲಿ ಅಂತ ಕಾಯಬೇಡಿ. ಐಸ್ ಇಟ್ಕೊಂಡು ಮಲಗಬೇಡಿ. ಹಾಕಿದ ವೈದ್ಯರಿಗೆ ಆ ಕ್ಷಣವೇ ಫೋನ್ ಮಾಡಿ. ಸಿಗಲಿಲ್ಲ ಅಂದ್ರೆ ನೇರ ಆಸ್ಪತ್ರೆ. ಬೊಟಾಕ್ಸ್ ಆದ ಮೇಲೆ ನುಂಗೋಕೆ, ಮಾತಾಡೋಕೆ, ಉಸಿರಾಡೋಕೆ ಕಷ್ಟ ಆದ್ರೆ 108ಕ್ಕೆ ಕರೆ ಮಾಡಿ. ಶಿವಮೊಗ್ಗದವರಿಗೆ ಮೆಗ್ಗಾನ್ ಬೋಧನಾ ಆಸ್ಪತ್ರೆಯ ತುರ್ತು ವಿಭಾಗ ಇದೆ, ಅದು ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯದ್ದು. ಭದ್ರಾವತಿಯಿಂದಲೂ ಹತ್ತಿರವೇ. ಹೋಗುವಾಗ ಬಾಕ್ಸ್‌ನ ಫೋಟೊ ಜೊತೆಗಿರಲಿ, ಯಾವ ಫಿಲ್ಲರ್, ಎಷ್ಟು ಹೊತ್ತಿಗೆ ಹಾಕಿದ್ರು ಅಂತ ಹೇಳಿ. ಮನೆಯವರಿಗೆ ಗೊತ್ತಾಗುತ್ತೆ ಅಂತ ಮುಚ್ಚಿಡಬೇಡಿ. ಮುಚ್ಚಿಟ್ಟ ಪ್ರತಿ ಗಂಟೆಗೂ ಚರ್ಮ ಬೆಲೆ ತೆರುತ್ತೆ.

ದೂರು ಕೊಡೋದಾದ್ರೆ: ನೋಂದಣಿ ಇಲ್ಲದ ಜಾಗ, ನಕಲಿ ವೈದ್ಯರು ಅಂದ್ರೆ ಡಿಎಚ್‌ಒ ಕಚೇರಿ. ನೋಂದಾಯಿತ ವೈದ್ಯರ ನಿರ್ಲಕ್ಷ್ಯ ಅಂದ್ರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಪರಿಹಾರ ಬೇಕಂದ್ರೆ ಜಿಲ್ಲಾ ಗ್ರಾಹಕರ ಆಯೋಗ, ಎರಡು ವರ್ಷದ ಒಳಗೆ. ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಇದಕ್ಕೆಲ್ಲ ಬಿಲ್, ಚೀಟಿ ಬೇಕು. ರಸೀದಿ ಇಲ್ಲದೆ ಕೊಟ್ಟ ದುಡ್ಡಿಗೆ ಸಾಕ್ಷಿ ಇರೋದಿಲ್ಲ.

ನವುಲೆಯ ಅಕ್ಕನಿಗೆ

ನಿಮ್ಮ ತಂಗಿಗೆ "ಬೇಡ" ಅನ್ನೋದರಿಂದ ಮಾತು ಶುರು ಮಾಡಬೇಡಿ. "ಬಾ, ಇಬ್ಬರೂ ಸೇರಿ ಮೂರು ವಿಷಯ ಕೇಳೋಣ" ಅನ್ನಿ. ಡಾಕ್ಟರ ನೋಂದಣಿ ಸಂಖ್ಯೆ ಏನು, ಆ ಜಾಗದ ಕೆಪಿಎಂಇ ಸಂಖ್ಯೆ ಏನು, ಭಾನುವಾರ ರಾತ್ರಿ ಫೋನ್ ಎತ್ತೋರು ಯಾರು. ನೀವು ಹೇಳಿದ ಮಾತಿನ ಮೇಲೆ ನೋಡಿದ್ರೆ ಪಾರ್ಲರ್‌ನವರ ಹತ್ತಿರ ಎರಡನೆಯದಕ್ಕೂ ಮೂರನೆಯದಕ್ಕೂ ಉತ್ತರ ಇರೋದು ಕಷ್ಟ. ಅದನ್ನ ಅವಳೇ ಕಿವಿಯಾರೆ ಕೇಳಲಿ. ನಿಮ್ಮ ಬುದ್ಧಿಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತೆ.

ಇನ್ನು ಮೂರು ವಾರ ಅನ್ನೋದು ತುಂಬ ಕಡಿಮೆ ಸಮಯ. ಬೊಟಾಕ್ಸ್ ಪೂರ್ತಿ ಕೂರೋಕೆ ಎರಡು ವಾರ, ಏರುಪೇರು ಸರಿಪಡಿಸೋಕೆ ಆಮೇಲೆ ಸಮಯ ಬೇಕು. ತುಟಿಯ ಊತ, ನೀಲಿ ಕಲೆ ಕೆಲವರಿಗೆ ಒಂದೆರಡು ವಾರವೂ ಇರುತ್ತೆ. ಮೊದಲ ಸಲ ಹಾಕಿಸೋದಾದ್ರೆ ಮದುವೆಗೆ ಒಂದೂವರೆ, ಎರಡು ತಿಂಗಳ ಮೊದಲೇ ಮಾಡಿಸೋದು ಲೇಸು. ಈಗ ಊರಲ್ಲೇ ಇರೋ ಒಬ್ಬರು ಚರ್ಮ ತಜ್ಞರ ಹತ್ತಿರ ಇಬ್ಬರೂ ಹೋಗಿ, ಬರೀ ಸಲಹೆಗೆ. ಮದುವೆ ಆದ ಮೇಲೂ ಅವಳಿಗೆ ಬೇಕು ಅನ್ನಿಸಿದ್ರೆ, ಅಲ್ಲೇ ನಿಧಾನವಾಗಿ ಮಾಡಿಸ್ಕೊಳ್ಳಲಿ.

ಕೊಟ್ಟ ಅಡ್ವಾನ್ಸ್ ವಾಪಸ್ ಕೇಳಿ. ಕೊಡಲಿಲ್ಲ ಅಂದ್ರೆ ಹೋಗ್ಲಿ ಬಿಡಿ. ಆ ದುಡ್ಡು ಮುಂದೆ ದುಡಿದುಕೊಳ್ಳಬಹುದು. ಮತ್ತೆ ಅಮ್ಮನಿಗೆ ಹೇಳಿ, ಅಳು ನಿಲ್ಲಿಸಿ ಅವರೂ ಆ ಸಲಹೆಗೆ ಜೊತೆಯಲ್ಲಿ ಬರಲಿ. ಡಾಕ್ಟರ್ ಎದುರು ಅಮ್ಮ ಕೇಳೋ ಪ್ರಶ್ನೆಗಳು ನಮ್ಮೆಲ್ಲರದಕ್ಕಿಂತ ಚುರುಕಾಗಿರ್ತಾವೆ.

ಇವತ್ತಿಗೆ ಇಷ್ಟು. ನಾವು ಹೇಳಿದ್ದು ತಿಳಿವಳಿಕೆಗೆ, ನಿಮ್ಮ ಮುಖ ನೋಡಿ ಹೇಳಬೇಕಾದವರು ವೈದ್ಯರೇ. ನಿಮ್ಮ ಪ್ರಶ್ನೆಗಳಿದ್ರೆ ಹೀಗೇ ವಾಯ್ಸ್ ಮೆಸೇಜ್ ಕಳಿಸಿ.